ಲೋಕಮ್ಮನ ದಾರಿ ಡಬ್ಬಿ

ಲೋಕಮ್ಮನಿಗೆ ಹೆದರಿಕೊಳ್ಳಲು ಇಂಥದೇ ಕಾರಣ ಬೇಕೆಂದಿರಲಿಲ್ಲ. ಮಗು ಸೀನಿದರೆ ನ್ಯುಮೋನಿಯ ಎನ್ನುವಳು. ಸೀನದೆ ಮಲಗಿದ್ದರೆ ಉಸಿರಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುವಳು. ಅಂಜನಾಪುರದಿಂದ ಶಿಕಾರಿಪುರದ ಸಂತೆಗೆ ಹೊರಟ ಗಾಡಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತು, ಚಕ್ರ ಕಳಚಿದಂತೆ, ಎತ್ತು ಬೆದರಿದಂತೆ, ಯಾರದೋ ಬೆರಳು ನೊಗದಡಿ ಸಿಕ್ಕಿ ಜಜ್ಜಿದಂತೆ ಒಂದೊಂದನ್ನೂ ಮನಸ್ಸಿನಲ್ಲೇ ನಡೆಸಿ ನೋಡುವಳು. ಸಂಜೆಗೆ ಗಾಡಿ ನೆಟ್ಟಗೆ ವಾಪಸು ಬಂದರೆ ಎಲ್ಲರಿಗಿಂತ ಹೆಚ್ಚು ಆಶ್ಚರ್ಯ ಅವಳಿಗೇ.

"ನಮ್ಮ ಲೋಕಮ್ಮ ಬೆಳಿಗ್ಗೆ ಎಲ್ಲಾರ‍್ನೂ ಸಾಯಿಸ್ತಾಳೆ, ಸಂಜಿಗೆ ಎಲ್ಲಾರ‍್ನೂ ಬದುಕಿಸ್ತಾಳೆ. ಯಮಂಗೂ ಇಷ್ಟು ಕೆಲಸ ಇಲ್ಲ ಕಣ್ರೋ" ಎಂದು ನಗಿಸುತ್ತಿದ್ದವನು ಉಚ್ಚಂಗಪ್ಪ. ಗಂಡನ ದೊಡ್ಡಪ್ಪ, ಮನೆಗೆ ಹಿರಿಯ, ಬಾಯಲ್ಲಿ ಎಲೆಯಡಿಕೆ ಇಲ್ಲದ ಗಳಿಗೆಯನ್ನು ಯಾರೂ ಕಂಡಿರಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಅಪ್ಪ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಒಬ್ಬಳೇ ಮಗಳೆಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಕಳಿಸಿದ. ಅಲ್ಲಿ ಶನಿವಾರ ಬೆಳಿಗ್ಗೆ ಪ್ರಥಮ ಚಿಕಿತ್ಸೆಯ ತರಗತಿ. ಟೀಚರು ಹುಡುಗಿಯರನ್ನು ಜೋಡಿ ಜೋಡಿಯಾಗಿ ಕೂರಿಸಿ, ಒಬ್ಬಳ ಮುರಿಯದ ಕೈಗೆ ಇನ್ನೊಬ್ಬಳಿಂದ ಕಟ್ಟು ಹಾಕಿಸುತ್ತಿದ್ದರು. ಮಿಕ್ಕವರು ಕಿಸಿಕಿಸಿ ನಗುತ್ತಿದ್ದರೆ ಲೋಕಮ್ಮ ಮಾತ್ರ ಕೈ ನಿಜವಾಗಿಯೂ ಮುರಿದಿದೆ ಎಂಬಂತೆ ಬೆವರುತ್ತಿದ್ದಳು. ಬೆಂಕಿ ತಗುಲಿದರೆ ಏನು, ಮುಳುಗಿದವರನ್ನು ಎತ್ತಿದರೆ ಏನು, ಕಣ್ಣಿಗೆ ಏನಾದರೂ ಬಿದ್ದರೆ ಏನು, ಎಲ್ಲ ಅವಳಿಗೆ ಬಾಯಿಪಾಠ. ಪರೀಕ್ಷೆಗೆ ಬೇಕಿಲ್ಲದ್ದನ್ನೆಲ್ಲ ನೆನಪಿಟ್ಟುಕೊಂಡು, ಬೇಕಾದ ಗಣಿತದಲ್ಲಿ ಎಡವಿದಳು. ಆ ವರ್ಷವೇ ಮದುವೆಯಾಯಿತು. ಗಂಡ ಮಾಸ್ತಪ್ಪನಿಗೆ ಅಂಜನಾಪುರದ ಡ್ಯಾಮಿನಲ್ಲಿ ನಾಲೆಗೆ ನೀರು ಬಿಡುವ, ನಿಲ್ಲಿಸುವ ಕೆಲಸ. ಮಾತಿನ ತೂಬನ್ನು ಮಾತ್ರ ಆತ ಯಾವಾಗಲೂ ಮುಚ್ಚಿಯೇ ಇಟ್ಟಿದ್ದ. ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆ ಹುಲಿಗೆಮ್ಮನ ಮಾತು. ಗಂಡ ತೀರಿದ ಮೇಲೆ ಗದ್ದೆ, ಮನೆ, ಮಕ್ಕಳು ಎಲ್ಲವನ್ನೂ ಒಬ್ಬಳೇ ಎಳೆದು ದಡ ಸೇರಿಸಿದ ಹೆಂಗಸು ಆಕೆ.

ಮುಂದಿನ ದಿನಗಳಲ್ಲಿ ಶಿಕಾರಿಪುರದಿಂದ ಸೊರಬದವರೆಗೆ ಬಸ್ಸುಗಳಲ್ಲೂ ಗಾಡಿಗಳಲ್ಲೂ ಲೋಕಮ್ಮನ ಕೈಯ ಔಷಧದ ಡಬ್ಬಿಗಳು ಓಡಾಡಿದವು. ಗುಡವಿ ಕೆರೆಯ ಹಕ್ಕಿ ನೋಡಲು ಹೊರಟ ಶಾಲೆಯ ಮಕ್ಕಳ ಜೊತೆಗೂ ಒಂದು ಹೋಯಿತು. ಆದರೆ ಮೊಟ್ಟಮೊದಲ ಡಬ್ಬಿಗೆ ಮನೆಯ ಹೊಸಿಲು ದಾಟುವುದೇ ದೊಡ್ಡ ಪಾಡಾಗಿತ್ತು.

ಅದು ಶುರುವಾದದ್ದು ಅವಳ ಹೆಬ್ಬೆರಳಿನಿಂದ. ಬಾಣಂತನ ಮುಗಿಸಿ ಮಗಳನ್ನು ಎತ್ತಿಕೊಂಡು ದಾವಣಗೆರೆಯಿಂದ ಬರುವಾಗ ಬಸ್ಸಿನ ಕಿಟಕಿಯ ತಗಡು ದಡಕ್ಕನೆ ಇಳಿದು ಬೆರಳನ್ನು ಸೀಳಿಬಿಟ್ಟಿತು. ರಕ್ತ ಕಂಡದ್ದೇ ತಡ, ಬಸ್ಸಿಗೆ ಬಸ್ಸೇ ವೈದ್ಯನಾಯಿತು. ಕಂಡಕ್ಟರು ನಶ್ಯ ಮೆತ್ತಿದ. ಹಿಂದಿನ ಸೀಟಿನ ಹೆಂಗಸು ಕಾಫಿಪುಡಿ ಉದುರಿಸಿದಳು. ಮುದುಕರೊಬ್ಬರು ಬೀಡಿ ಬಿಚ್ಚಿ ಒಳಗಿನ ಹೊಗೆಸೊಪ್ಪನ್ನು ಮೇಲೆ ಒತ್ತಿದರು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಬೆರಳು ಬದನೆಕಾಯಿಯಂತೆ ಊದಿ, ಕೀವು ತುಂಬಿ, ಮಗುವನ್ನು ಎತ್ತಿಕೊಳ್ಳಲೂ ಆಗದೆ ಅವಳು ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಅತ್ತಳು. ಅಳುತ್ತಲೇ ತೀರ್ಮಾನಿಸಿದಳು: ಇನ್ನು ರಸ್ತೆಗೆ ಇಳಿಯುವುದಾದರೆ ಔಷಧ ತನ್ನ ಮಡಿಲಲ್ಲೇ ಇರಬೇಕು.

ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ಪಂಚೆಯೊಂದನ್ನು ಸೋಪಿನ ನೀರಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಉದ್ದುದ್ದ ಪಟ್ಟಿ ಹರಿದು, ಕೆಂಡದ ಇಸ್ತ್ರಿ ಎಳೆದು ಸುರುಳಿ ಸುತ್ತಿದಳು. ಅಷ್ಟರಲ್ಲಿ ಮಾಸ್ತಪ್ಪ ಡ್ಯಾಮಿನಿಂದ ಬಂದ.

"ಇದು ನನ್ನ ಪಂಚೆ ಅಲ್ಲೇನೇ?"

"ಹರಿದಿತ್ತು."

"ಹರಿದಿರ್ಲಿಲ್ಲ."

"ಈಗ ಹರಿದೈತಲ್ಲ, ಬಿಡ್ರಿ."

ಆತ ಬಿಟ್ಟ. ಬಿಟ್ಟದ್ದಷ್ಟೇ ಅಲ್ಲ, ಮುಂದಿನ ವಾರ ಶಿಕಾರಿಪುರಕ್ಕೆ ಹೋದವನು ಟಿಂಕ್ಚರಿನ ಪುಟ್ಟ ಸೀಸೆ, ಬೋರಿಕ್ ಪುಡಿಯದೊಂದು ಸೀಸೆ, ಹತ್ತಿ ತಂದು ಮಾತಿಲ್ಲದೆ ಒಲೆಯ ಪಕ್ಕದಲ್ಲಿಟ್ಟ. ಅವಳು ಒಂದಕ್ಕೊಂದು ತಾಗಿ ಒಡೆಯದಂತೆ ಸೀಸೆಗಳಿಗೆ ಹಳೆಯ ಕುಪ್ಪಸದ ಅಂಗಿ ತೊಡಿಸಿದಳು. ಓಮದ ಪುಡಿ, ಉಪ್ಪು, ಸಕ್ಕರೆ ಪೊಟ್ಟಣ ಕಟ್ಟಿದಳು. ಕತ್ತರಿಯನ್ನು ಬಿಸಿನೀರಲ್ಲಿ ಅದ್ದಿ ಬಟ್ಟೆಯಲ್ಲಿ ಸುತ್ತಿದಳು. ಮುಚ್ಚಳ ಹಾಕಿ ಡಬ್ಬಿಯನ್ನು ಅಲ್ಲಾಡಿಸಿ, ಗಲಗಲ ಎಂದರೆ ಮತ್ತೆ ಬಿಚ್ಚಿ ಜೋಡಿಸಿದಳು. ಬಸ್ಸು ಕುಲುಕುವಷ್ಟು ಕುಲುಕಿದರೂ ಸದ್ದಾಗದಿದ್ದಾಗಲೇ ಅವಳಿಗೆ ಸಮಾಧಾನ. ಕೊನೆಗೆ, ಡಬ್ಬಿಯೊಳಗೆ ಹಿಡಿಸದ ದೊಡ್ಡ ಸೀಸೆಯೊಂದಕ್ಕೆ ಕುದಿಸಿ ಆರಿಸಿದ ನೀರು ತುಂಬಿ, ಬೆಂಡಿನ ಬಿರಡೆ ಜಡಿದು, ಡಬ್ಬಿಯ ಮಗ್ಗುಲಿಗೆ ಕಟ್ಟಿದಳು. ಮಗುವಿಗೆ ಹಾಲು ಕುಡಿಸುವ, ಕೊಕ್ಕಿನಂಥ ಮೂತಿಯ ಪುಟ್ಟ ಒಳಲೆಯನ್ನೂ ಜೊತೆಗಿಟ್ಟಳು.

ನೀರಿನ ಸೀಸೆ ಕಂಡು ಉಚ್ಚಂಗಪ್ಪನಿಗೆ ಎಲೆಯಡಿಕೆ ನೆತ್ತಿಗೇರಿತು.

"ಏನವ್ವಾ ಲೋಕಮ್ಮ, ಡ್ಯಾಮಿನ ತುಂಬ ನೀರೈತೆ, ನಾಲಿ ತುಂಬ ನೀರೈತೆ, ನಿನ್ನ ಗಂಡ ನೀರು ಕಾಯಾದಕ್ಕೇ ಸಂಬಳ ತಗಂತಾನೆ. ನೀ ಸೀಸೇಲಿ ನೀರು ತುಂಬ್ಕಂಡು ಹೊಂಟೀಯಲ್ಲ! ಅದೂ ಔಸದಿ ಅಂತ!"

"ಕುದಿಸಿದ ನೀರು ದೊಡ್ಡಪ್ಪ. ಗಾಯ ತೊಳೆಯೋಕೆ."

"ಓಹೋ, ಸಾರಿಗೆ ಒಗ್ಗರಣಿ ಹಾಕಿದಂಗೆ ನೀರಿಗೂ ಅಡಿಗಿ ಮಾಡೀಯೇನು?"

ಪಡಸಾಲೆ ತುಂಬ ನಗು. ಲೋಕಮ್ಮನ ಕಿವಿ ಕೆಂಪಾಯಿತು; ಸೀಸೆ ಮಾತ್ರ ಇದ್ದಲ್ಲೇ ಇತ್ತು.

ಆ ವೈಶಾಖದಲ್ಲಿ ನಾದಿನಿ ಈಶ್ವರಮ್ಮನ ಮದುವೆ ಗೊತ್ತಾಯಿತು. ಹೊಸ ಪೈಸೆಯ ಲೆಕ್ಕ ಇನ್ನೂ ಜನರ ನಾಲಿಗೆಗೆ ಹೊಂದದ ಕಾಲ ಅದು. ಗಂಡು ಸೊರಬ ಸೀಮೆಯ ಜಡೆಯ ಕೆಂಪಪ್ಪ. ಮದುವೆ ಗಂಡಿನ ಮನೆಯಲ್ಲಿ, ಆದ್ದರಿಂದ ಹೆಣ್ಣಿನ ದಿಬ್ಬಣ ಅಂಜನಾಪುರದಿಂದ ಜಡೆಗೆ ಹೋಗಬೇಕು. ಇಷ್ಟು ವರ್ಷ ಆ ಮನೆಯ ದಿಬ್ಬಣಗಳೆಲ್ಲ ಗಾಡಿಯಲ್ಲೇ ಹೋಗಿದ್ದವು. ಈ ಸಲ ಮೊದಲ ಬಾರಿಗೆ ಬಸ್ಸು ಗೊತ್ತುಮಾಡಿದರು. ಬಸ್ಸು ಎಂದ ಕೂಡಲೇ ಲೋಕಮ್ಮ ಡಬ್ಬಿ ತೆಗೆದು ಧೂಳು ಒರೆಸತೊಡಗಿದಳು.

ಹುಲಿಗೆಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅದು ಬರಂಗಿಲ್ಲ."

"ಅತ್ತೆ, ದಾರೀಲಿ ಏನಾದ್ರೂ..."

"ಅದ್ಕೇ ಬರಂಗಿಲ್ಲ ಅಂದದ್ದು. ಮದುವಿ ದಿಬ್ಬಣದಾಗೆ ಬಿಳಿ ಬಟ್ಟಿ, ಗಾಯದ ಔಸದಿ ತಗಂಡು ಹೋಗ್ತಾರೇನೇ? ಬಾರಪ್ಪಾ ಬಾ ಅಂತ ಗಾಯನ ಕರದಂಗಾತು. ನಾನು ಮಗಳ ಮದುವಿ ಮಾಡಾಕೆ ಹೊಂಟೀನಿ, ಯುದ್ಧಕ್ಕಲ್ಲ."

ಅತ್ತೆಯ ಎದುರು ಮಾತಾಡಿ ಅಭ್ಯಾಸವಿರಲಿಲ್ಲ. ಲೋಕಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಯೋಚಿಸಿದಳು. ಮರುದಿನ ಬೆಳಿಗ್ಗೆ ಹುಲಿಗೆಮ್ಮ ಹಿತ್ತಲಿಗೆ ಬಂದು ನೋಡಿದರೆ ತಂತಿಯ ಉದ್ದಕ್ಕೂ ಹಳದಿ ಪಟ್ಟಿಗಳು ತೊನೆಯುತ್ತಿದ್ದವು. ಸೊಸೆ ಬ್ಯಾಂಡೇಜನ್ನೆಲ್ಲ ಅರಿಶಿಣದಲ್ಲಿ ಕುದಿಸಿ ಹರವಿದ್ದಳು. ಡಬ್ಬಿಯ ಮುಚ್ಚಳಕ್ಕೆ ಕುಂಕುಮವಿಟ್ಟಾಗಿತ್ತು.

"ಬಿಳಿ ಬಟ್ಟೆ ಇಲ್ಲ ಅತ್ತೆ. ಎಲ್ಲ ಅರಿಶಿಣದ್ದೇ."

ಹುಲಿಗೆಮ್ಮ ಪಟ್ಟಿಯ ತುದಿ ಹಿಡಿದು ನೋಡಿದಳು. ತುಟಿಯ ಕೊನೆ ಸ್ವಲ್ಪ ಅಲ್ಲಾಡಿತು. ಅದು ನಗುವೋ ಸಿಟ್ಟೋ ತಿಳಿಯುವಂತಿರಲಿಲ್ಲ. ಒಳಗೆ ಹೋಗಿ ಅರಿಶಿಣದ ದಾರ ತಂದು, ಡಬ್ಬಿಯನ್ನೂ ಮಗ್ಗುಲಿನ ಸೀಸೆಯನ್ನೂ ಸೇರಿಸಿ ಅಡ್ಡಡ್ಡ ಉದ್ದುದ್ದ ಸುತ್ತಿ, ಬಿಗಿಯಾಗಿ ಗಂಟು ಹಾಕಿದಳು.

"ಬರ್ಲಿ. ಆದ್ರೆ ಧಾರೆ ಮುಗಿಯಾ ತನಕ ಈ ಗಂಟು ಬಿಚ್ಚಂಗಿಲ್ಲ. ಬಿಚ್ಚಿದ್ಯೋ, ನನ್ನ ಮಗಳಿಗೆ ನೀನೇ ಕೆಟ್ಟದ್ದು ಕೋರಿದಂಗೆ. ತಿಳೀತಾ?"

"ತಿಳೀತು" ಎಂದಳು ಲೋಕಮ್ಮ. ಹೊಸಿಲು ದಾಟಿತಲ್ಲ, ಅಷ್ಟೇ ಸಾಕು. ಆ ದಾರದ ಗಂಟನ್ನು ತಾನೇ ಹರಿಯಬೇಕಾದರೆ ಏನಾಗುತ್ತದೆ ಎಂಬುದೊಂದನ್ನು ಮಾತ್ರ, ಎಲ್ಲಕ್ಕೂ ಹೆದರುವ ಅವಳು ಅಂದು ಯೋಚಿಸಲಿಲ್ಲ.

ದಿಬ್ಬಣ ಹೊರಟಿತು. ಡ್ರೈವರು ಚಿಕ್ಕಬೀರಪ್ಪ ಬಸ್ಸಿನ ಮೂತಿಗೆ ಮಾವಿನ ಸೊಪ್ಪು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ಮುಂದಿನ ಸೀಟಿನಲ್ಲಿ ಹುಲಿಗೆಮ್ಮ. ಕಾಲ ಬಳಿ, ಹೊಸ ಬಟ್ಟೆಯಿಂದ ಬಾಯಿ ಕಟ್ಟಿದ ಹಿತ್ತಾಳೆಯ ಕೊಡ. ಅದರಲ್ಲಿ ಬೆಳಗಿನ ಜಾವ ತುಂಬಿ ಪೂಜೆ ಮಾಡಿದ ತವರಿನ ಬಾವಿಯ ನೀರು. ಹೆಣ್ಣು ಗಂಡಿನ ಮನೆಗೆ ಕಾಲಿಡುವ ಮುನ್ನ ಅಲ್ಲಿನ ಹಂಡೆಗೆ ಆ ನೀರು ಬೆರೆಸುವುದು ಹುಲಿಗೆಮ್ಮನ ಮನೆತನದ ಪದ್ಧತಿ; ಅವಳನ್ನು ಮದುವೆ ಮಾಡಿಕೊಟ್ಟಾಗಲೂ ಹಾಗೇ ಬಂದಿತ್ತಂತೆ. ಅದರ ಹಿಂದಿನ ಸೀಟಿನಲ್ಲಿ ಮದುಮಗಳು ಈಶ್ವರಮ್ಮ. ಅವಳ ಬೆನ್ನ ಹಿಂದೆಯೇ ಎಲೆಯಡಿಕೆ ಸಂಚಿ ಬಿಚ್ಚಿಕೊಂಡು ಉಚ್ಚಂಗಪ್ಪ. ಲೋಕಮ್ಮ ಆಚೆ ಬದಿಯಲ್ಲಿ, ಒಂದು ತೊಡೆಯ ಮೇಲೆ ಮಗು, ಇನ್ನೊಂದರ ಮೇಲೆ ಡಬ್ಬಿ.

"ಏನವ್ವಾ, ಅವಳಿ ಜವಳಿಯೇನು?" ಎಂದ ಉಚ್ಚಂಗಪ್ಪ.

ಶಿಕಾರಿಪುರ ದಾಟಿತು. ಹೆಂಗಸರು ಸೋಬಾನೆ ಎತ್ತಿದರು. ಶಿರಾಳಕೊಪ್ಪ ದಾಟಿದ ಮೇಲೆ ರಸ್ತೆ ಹದಗೆಟ್ಟು, ಕೆಂಪು ಧೂಳು ಬಸ್ಸಿನೊಳಗೆಲ್ಲ ಕುಣಿಯಿತು. ಉಚ್ಚಂಗಪ್ಪ ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರಿದ. ಬೆರಳ ತುದಿಯಲ್ಲಿ ಮಿಕ್ಕ ಸುಣ್ಣವನ್ನು ಎದುರಿಗೆ ಸಿಕ್ಕ ಕಂಬಕ್ಕೋ ಗೋಡೆಗೋ ಒರೆಸುವುದು ಎಲೆ ಹಾಕುವವರೆಲ್ಲರ ಚಾಳಿ. ಆ ಸೀಮೆಯಲ್ಲಿ ಸುಣ್ಣದ ಗೀರಿಲ್ಲದ ಪಡಸಾಲೆ ಕಂಬವೇ ಇರಲಿಲ್ಲ. ಬಸ್ಸಿನಲ್ಲಿ ಕಂಬ ಎಲ್ಲಿ? ಮುಂದಿನ ಸೀಟಿನ ಸರಳಿಗೆ ಒರೆಸಲೆಂದು ಆತ ಬೆರಳು ಚಾಚಿದ. ಅದೇ ಗಳಿಗೆಗೆ ಈಶ್ವರಮ್ಮ ದೊಡ್ಡಪ್ಪನಿಗೆ ಏನೋ ಹೇಳಲು ನಗುತ್ತ ಹಿಂತಿರುಗಿದಳು. ಬಸ್ಸು ಗುಂಡಿಗೆ ಇಳಿದು ಎಗರಿತು.

ಸುಣ್ಣದ ಬೆರಳು ನೇರ ಅವಳ ಬಲಗಣ್ಣಿಗೆ ಹೋಯಿತು.

ಆ ಕಿರುಚು ಕೇಳಿ ಸೋಬಾನೆ ನಿಂತಿತು. ಚಿಕ್ಕಬೀರಪ್ಪ ಮರದಡಿ ಬಸ್ಸು ನಿಲ್ಲಿಸಿದ. ಈಶ್ವರಮ್ಮ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಸೀಟಿನಲ್ಲಿ ಹೊರಳಾಡುತ್ತಿದ್ದಳು. ಉಚ್ಚಂಗಪ್ಪ ಬೆರಳನ್ನು ಮೇಲೆತ್ತಿ ಹಿಡಿದು, ಅದು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತುಬಿಟ್ಟಿದ್ದ.

"ಹಾಲು! ಎದಿಹಾಲು ಬಿಡ್ರಿ ಕಣ್ಣಿಗೆ!" ಯಾರೋ ಕೂಗಿದರು. "ಹರಳೆಣ್ಣೆ ಹಾಕ್ರಿ!" ಎಂದರು ಇನ್ಯಾರೋ. ಬಸ್ಸಿನ ಮುಖಗಳೆಲ್ಲ ಒಟ್ಟಿಗೇ ಲೋಕಮ್ಮನ ಕಡೆ ತಿರುಗಿದವು. ಇಡೀ ದಿಬ್ಬಣದಲ್ಲಿ ಮೊಲೆಯುಣ್ಣುವ ಮಗುವಿನ ತಾಯಿ ಅವಳೊಬ್ಬಳೇ. ಕಣ್ಣು ಕೆಂಪಾದರೂ, ಉರಿದರೂ, ಏನು ಬಿದ್ದರೂ ಬಾಣಂತಿಯ ಎದೆಹಾಲಿನ ಹನಿ; ಅದು ಅಲ್ಲಿಯವರಿಗೆ ಹುಟ್ಟಿನಿಂದ ಗೊತ್ತಿದ್ದ ಔಷಧ.

"ಲೋಕಮ್ಮ, ಬಾ! ಹಾಲು ಹಿಂಡು!" ಎಂದಳು ಹುಲಿಗೆಮ್ಮ.

ಲೋಕಮ್ಮ ಎದ್ದಳು. ವಿಚಿತ್ರವೆಂದರೆ ಅವಳ ಕೈ ನಡುಗುತ್ತಿರಲಿಲ್ಲ. ಇಷ್ಟು ವರ್ಷ ಎಲ್ಲ ಅನಾಹುತಕ್ಕೂ ಅದು ಆಗುವ ಮೊದಲೇ ಹೆದರಿ ಮುಗಿಸಿದ್ದಳು. ಆದದ್ದರ ಎದುರು ನಿಂತಾಗ ಹೆದರಿಕೆಯೇ ಮಿಕ್ಕಿರಲಿಲ್ಲ. ಮಗುವನ್ನು ಮಾಸ್ತಪ್ಪನ ಕೈಗೆ ತಳ್ಳಿದಳು. "ಹಾಲಲ್ಲ ಅತ್ತೆ. ನೀರು. ಹಾಲಿನ ಹನೀಲಿ ಸುಣ್ಣ ಹೋಗಲ್ಲ. ಎಣ್ಣೆ ಬೇಡವೇ ಬೇಡ. ಮೊದಲು ತೊಳೀಬೇಕು, ಈಗಲೇ ತೊಳೀಬೇಕು."

ಹೇಳುತ್ತಲೇ ಅರಿಶಿಣದ ದಾರವನ್ನು ಹಲ್ಲಿಗೆ ಕೊಟ್ಟು ಕಟಕ್ಕೆಂದು ಹರಿದಳು.

ಹುಲಿಗೆಮ್ಮ ಅದನ್ನು ನೋಡಿದಳು. ಬಾಯಿ ತೆರೆದಳು. ಅಷ್ಟರಲ್ಲಿ ಸೊಸೆಯ ಮಾತು ಅವಳ ಮಾತಿನ ಮುಂದೆ ಓಡಿತು: "ಚಿಕ್ಕಬೀರಪ್ಪ, ಕೆಳಗೆ ಜಮಖಾನ ಹಾಸ್ರಿ. ದೊಡ್ಡಪ್ಪ, ಅವಳ ಎರಡೂ ಕೈ ಹಿಡೀರಿ. ಗಟ್ಟಿಯಾಗಿ. ಉಜ್ಜೋಕೆ ಬಿಡಬೇಡಿ. ರೀ, ಮಗೂನ ಬಿಸಿಲಿಗೆ ಹಿಡೀಬೇಡ್ರಿ!"

ಮದುಮಗಳನ್ನು ಮರದ ನೆರಳಲ್ಲಿ ಬಲಕ್ಕೆ ಹೊರಳಿಸಿ ಮಲಗಿಸಿದಳು. ನೋವಿನ ಕಣ್ಣು ಕೆಳಗೆ, ಒಳ್ಳೆಯ ಕಣ್ಣು ಮೇಲೆ. ತೊಳೆದ ನೀರು ಒಳ್ಳೆಯದರ ಕಡೆ ಹರಿಯಬಾರದು. ಬೆರಳಿಗೆ ಹತ್ತಿ ಸುತ್ತಿ ರೆಪ್ಪೆ ಬಿಡಿಸಿದಳು. ಸೀಸೆಯ ಬಿರಡೆ ಕಿತ್ತು ಒಳಲೆಗೆ ನೀರು ಹುಯ್ದು, ಮೂಗಿನ ಬದಿಯಿಂದ ಹೊರಕ್ಕೆ ಸಣ್ಣ ಧಾರೆ ಬಿಟ್ಟಳು. ಹಾಲು ನೆತ್ತಿಗೇರದಂತೆ ಮಗುವಿನ ಬಾಯಿಗೆ ಧಾರೆ ಬಿಟ್ಟು ಪಳಗಿದ ಕೈ. ಧಾರೆ ಕಡಿಯಲಿಲ್ಲ, ಚಿಮ್ಮಲೂ ಇಲ್ಲ. ಮೇಲ್ರೆಪ್ಪೆ ಮಡಿಸಿದಾಗ ಒಳಗೆ ಅಕ್ಕಿನುಚ್ಚಿನಂಥ ಬಿಳಿಯ ಕಣ ಅಂಟಿತ್ತು. ಒದ್ದೆ ಹತ್ತಿಯ ತುದಿಯಿಂದ ಅದನ್ನು ತೆಗೆದಳು. ಮತ್ತೆ ನೀರು. ಮತ್ತೆ ನೀರು.

"ಅಯ್ಯೋ ಸಾಕು ಅತ್ತಿಗೆ, ಉರೀತೈತೆ, ಬಿಡೇ!"

"ಸಾಲದು. ಬಯ್ಯಿ ನನ್ನ, ಎಷ್ಟು ಬೇಕಾದ್ರೂ ಬಯ್ಯಿ, ಕಣ್ಣು ಮಾತ್ರ ಮುಚ್ಚಬೇಡ."

ಈಶ್ವರಮ್ಮ ಬೈದಳು. ಮದುಮಗಳ ಬಾಯಲ್ಲಿ ಬರಬಾರದ ಮಾತುಗಳೆಲ್ಲ ಬಂದವು. ಸೀಸೆ ಬರಿದಾಯಿತು. ಕಣ್ಣು ಇನ್ನೂ ಬೆಂಕಿಯಂತಿತ್ತು. ಚಿಕ್ಕಬೀರಪ್ಪ ಇಂಜಿನ್ನಿಗೆ ಹಾಕುವ ಡಬ್ಬ ತಂದ; ಹಳ್ಳದ ನೀರು, ಮೇಲೆ ಎಣ್ಣೆ ತೇಲುತ್ತಿತ್ತು. ಲೋಕಮ್ಮ ತಲೆಯಾಡಿಸಿದಳು. ಸುತ್ತ ಬಯಲು, ಕೊಯ್ದ ಗದ್ದೆ, ಎಲ್ಲೂ ಬಾವಿಯ ಸುಳಿವಿಲ್ಲ. ಅವಳ ಕಣ್ಣು ಬಸ್ಸಿನ ಬಾಗಿಲಲ್ಲಿ ಬಾಯಿ ಕಟ್ಟಿ ಕೂತಿದ್ದ ಕೊಡದ ಮೇಲೆ ನಿಂತಿತು.

"ಅತ್ತೆ..."

ಮುಂದೆ ಹೇಳಲಾಗಲಿಲ್ಲ. ಹೇಳದಿದ್ದರೂ ಎಲ್ಲರಿಗೂ ತಿಳಿಯಿತು. ಪೂಜೆ ಮಾಡಿದ ನೀರು, ತವರಿನ ನೀರು. ದಾರಿಯಲ್ಲಿ ನೆಲಕ್ಕೆ ಇಳಿಸಲೂಬಾರದು ಎಂದು ಹುಲಿಗೆಮ್ಮ ಬಸ್ಸಿನೊಳಗೇ ಕಾಲ ಬಳಿ ಇಟ್ಟುಕೊಂಡು ಕಾಯುತ್ತ ಬಂದಿದ್ದಳು. ಒಂದು ಗಂಟು ಹರಿದಾಗಿತ್ತು, ಇದು ಎರಡನೆಯದು.

ಹುಲಿಗೆಮ್ಮ ಕೊಡ ಎತ್ತಿದಳು. ಬಟ್ಟೆಯ ಗಂಟನ್ನು ತಾನೇ ಕಿತ್ತೆಸೆದಳು.

"ಮಗಳ ಕಣ್ಣಿಗಿಂತ ಕೊಡ ಹೆಚ್ಚೇನೇ ನನಗೆ? ಕೇಳಾಕೆ ಎಷ್ಟು ಹೊತ್ತು ತಗಂತೀಯ, ಹುಯ್ಯಿ!"

ಮಂಡಿಯೂರಿ ಕೂತು ಆಕೆ ಕೊಡ ಬಾಗಿಸಿದಳು, ಲೋಕಮ್ಮ ಒಳಲೆ ಒಡ್ಡಿದಳು. ಅತ್ತೆ ಹುಯ್ಯುವುದು, ಸೊಸೆ ತೊಳೆಯುವುದು. ಅರಿಶಿಣ ಕುಂಕುಮ ಕದಡಿ ಮದುಮಗಳ ಸೆರಗು, ಜಮಖಾನ, ಇಬ್ಬರ ಮಡಿಲು ಎಲ್ಲ ತೊಯ್ದವು. ಮರದ ನೆರಳು ಜಮಖಾನದಿಂದ ಸರಿದು ಆಚೆ ಹೋಯಿತು. ಕೊಡದ ತಳ ಕಾಣುವ ಹೊತ್ತಿಗೆ ಈಶ್ವರಮ್ಮನ ಬೈಗುಳ ನಿಂತು, ಬಿಕ್ಕಳಿಕೆ ಮಾತ್ರ ಉಳಿದಿತ್ತು.

"ಈಗ ಸೊರಬಕ್ಕೆ" ಎಂದಳು ಲೋಕಮ್ಮ. "ಡಾಕ್ಟ್ರು ನೋಡಬೇಕು."

"ಜಡೆ ದಾರಿ ಬ್ಯಾರೆ ಐತವ್ವ, ಸುತ್ತಾಗ್ತೈತೆ. ಬೀಗರು ಕಾಯ್ತಿರ್ತಾರೆ..." ಯಾರೋ ಗೊಣಗಿದರು.

"ಕಾಯ್ಲಿ" ಎಂದಳು ಹುಲಿಗೆಮ್ಮ. "ಬೀರಪ್ಪ, ಲೋಕಮ್ಮ ಎಲ್ಲಿಗಂತಾಳೋ ಅಲ್ಲಿಗೆ ಬಿಡು."

ಸೊರಬದ ಡಾಕ್ಟರು ರೆಪ್ಪೆ ಬಿಡಿಸಿ ಬಹಳ ಹೊತ್ತು ನೋಡಿದರು. "ಯಾರು ತೊಳೆದದ್ದು?" ಎಂದರು. ಎಲ್ಲರೂ ಲೋಕಮ್ಮನ ಕಡೆ ಕೈ ತೋರಿದರು. ಬೈಗುಳವೇ ಎಂದುಕೊಂಡು ಅವಳು ಸೆರಗು ಎಳೆದುಕೊಂಡಳು.

"ಎಷ್ಟು ನೀರು?"

"ಒಂದು ಸೀಸೆ, ಒಂದು ಕೊಡ ಸ್ವಾಮಿ" ಎಂದ ಉಚ್ಚಂಗಪ್ಪ. ಆತನ ಧ್ವನಿಯಲ್ಲಿ ನಗೆಯ ಸುಳಿವಿರಲಿಲ್ಲ. "ನನ್ನ ಬೆರಳು ಮಾಡಿದ್ದು ಸ್ವಾಮಿ. ಕಣ್ಣು ಹೋತಾ?"

"ತೊಳೆಯದೆ ನೇರ ಇಲ್ಲಿಗೆ ತಂದಿದ್ರೆ ನನಗೆ ಮಾಡೋಕೆ ಏನೂ ಉಳೀತಿರಲಿಲ್ಲ. ಈಗ ಆಸೆ ಇದೆ. ಮುಲಾಮು ಹಾಕಿ ಕಟ್ಟು ಕಟ್ತೀನಿ. ನಾಳೆ ಸಂಜೆ ಕತ್ತಲಾದ ಮೇಲೆ ಬಿಚ್ಚಿ. ಸರಿಯಾಗಿ ಕಂಡರೆ ಸರಿ. ಮಸುಕಾಗಿದ್ರೆ ಶಿವಮೊಗ್ಗೆಗೆ ಕರ್ಕೊಂಡು ಹೋಗಬೇಕಾಗುತ್ತೆ." ಲೋಕಮ್ಮ ಮುಂದೆ ಚಾಚಿದ ಸುರುಳಿ ನೋಡಿ ಹುಬ್ಬೇರಿಸಿದರು. "ಇದೇನಮ್ಮ, ಹಳದಿ ಬ್ಯಾಂಡೇಜು?"

"ಮದುವೆಯದು, ಸರ್" ಎಂದಳು ಲೋಕಮ್ಮ.

ಜಡೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಚಪ್ಪರದ ಬಾಗಿಲಲ್ಲಿ ಗಂಡಿನ ತಾಯಿ ಹುಚ್ಚಮ್ಮ ಆರತಿ ಹಿಡಿದು ನಿಂತವಳು, ಹೆಣ್ಣಿನ ಮುಖ ಕಂಡು ತಟ್ಟೆ ಕೆಳಗಿಳಿಸಿದಳು.

"ಇದೆಂತದ್ರೀ ಇದು? ಕಣ್ಣು ಕಟ್ಟಿದ ಹುಡುಗೀನ ತಂದೀರಲ್ಲ! ನಾಳೆ ಬಿಚ್ಚಿದ ಮೇಲೆ ಕಾಣದಿದ್ರೆ? ಧಾರೆ ಮುಂದಕ್ಕೆ ಹಾಕಾಣ, ಕಣ್ಣಿನ ಸಮಾಚಾರ ತಿಳಿದ ಮೇಲೆ ನೋಡಿದ್ರಾಯ್ತು."

ಮದುಮಗ ಕೆಂಪಪ್ಪ ತಾಯಿಯ ಹಿಂದಿನಿಂದ ಮುಂದೆ ಬಂದ. ಕಿವಿಯವರೆಗೆ ಕೆಂಪಾಗಿದ್ದ.

"ಅವ್ವ, ಅವಳು ಒಂದು ಕಣ್ಣಲ್ಲಿ ನೋಡುವಾಗಲೇ ತಾಳಿ ಕಟ್ಟಿಬಿಡ್ತೀನಿ. ಎರಡೂ ಬಿಟ್ಟು ನೋಡಿದ್ರೆ ನನ್ನ ಬೇಡ ಅಂದುಬಿಟ್ಟಾಳು."

ಚಪ್ಪರ ಗೊಳ್ಳೆಂದಿತು. ಈಶ್ವರಮ್ಮ ಕಟ್ಟಿನ ಕೆಳಗೇ ನಕ್ಕಳು. ಹುಚ್ಚಮ್ಮ ಸೋತರೂ ಪೂರ್ತಿ ಬಿಟ್ಟುಕೊಡಲಿಲ್ಲ. "ಸರಿಯಪ್ಪ. ತವರಿನ ನೀರು ತರ್ತೀವಿ ಅಂತ ಹೇಳಿದ್ರಲ್ಲ, ಬೀಗರೇ, ಕೊಡ ಬರಿದೇ ಐತಲ್ಲ?"

"ನಮ್ಮ ಹುಡುಗಿ ಕಣ್ಣಾಗೇ ತಂದೀವಿ" ಎಂದಳು ಹುಲಿಗೆಮ್ಮ. "ಹಂಡೆಗಿಂತ ಅಲ್ಲಿ ಜಾಸ್ತಿ ದಿನ ಇರ್ತೈತೆ."

ಮಾರನೆಯ ಬೆಳಿಗ್ಗೆ ಧಾರೆಯಾಯಿತು. ಹಳದಿ ಸೀರೆಗೆ ಹಳದಿ ಕಟ್ಟು ಹೊಂದಿಕೊಂಡು, ದೂರದಿಂದ ನೋಡಿದವರು ಅದೂ ಶಿಕಾರಿಪುರದ ಕಡೆಯ ಒಂದು ಶೃಂಗಾರವೆಂದೇ ತಿಳಿದರು. ಲೋಕಮ್ಮನಿಗೆ ಮಾತ್ರ ಊಟ ಸೇರಲಿಲ್ಲ. ಅಡಿಗಡಿಗೆ ಮದುಮಗಳ ಬಳಿ ಹೋಗಿ, "ಚುಚ್ಚುತ್ತಾ? ಸೋರುತ್ತಾ? ಬಿಸಿ ಐತಾ?" ಎಂದು ಕೇಳಿ ಬೈಸಿಕೊಂಡು ಬರುವಳು. ದಾರ ಹರಿದದ್ದು ತಾನು. ಈಗ ಕಣ್ಣು ಕಾಣದಿದ್ದರೆ ಸುಣ್ಣವನ್ನು ಯಾರೂ ದೂರುವುದಿಲ್ಲ, ಅವಳಿಗೆ ಗೊತ್ತು. ಉಚ್ಚಂಗಪ್ಪ ಚಪ್ಪರದ ಮೂಲೆಯಲ್ಲಿ ಎಲೆಯಡಿಕೆ ಸಂಚಿ ಬಿಚ್ಚದೆ ಕೂತಿದ್ದ.

ಕತ್ತಲಾಯಿತು. ಒಳಕೋಣೆಯ ಸಣ್ಣ ದೀಪದಲ್ಲಿ ಲೋಕಮ್ಮ ಕಟ್ಟು ಬಿಚ್ಚಿದಳು. ಹತ್ತಿಯನ್ನು ಕುದಿಸಿದ ನೀರಲ್ಲಿ ನೆನೆಸಿ ರೆಪ್ಪೆಯ ಮುಲಾಮು ಒರೆಸಿದಳು. ಕಣ್ಣು ಕೆಂಪಾಗಿತ್ತು, ತೆರೆಯಿತು. "ಏನು ಕಾಣ್ತೈತೆ?" ಎನ್ನುವಷ್ಟರಲ್ಲಿ ಹೊರಗಿನಿಂದ ಐನೋರ ಧ್ವನಿ: "ಹೆಣ್ಣು ಗಂಡು ಬರ್ಲಿ, ಅರುಂಧತಿ ತೋರಿಸೋದು ಐತೆ!"

ಅಂಗಳದಲ್ಲಿ ಎರಡೂ ಕಡೆಯವರು ಸೇರಿದ್ದರು. ಐನೋರು ಆಕಾಶಕ್ಕೆ ಬೆರಳು ತೋರಿದರು. ಏಳು ನಕ್ಷತ್ರದ ಸಾಲಿನಲ್ಲಿ ಬಾಲದಿಂದ ಎರಡನೆಯದು ವಸಿಷ್ಠ, ಅದರ ಮಗ್ಗುಲಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಚಿಕ್ಕದು ಅರುಂಧತಿ. ಒಳ್ಳೆಯ ಕಣ್ಣಿನವರಿಗೂ ಕಷ್ಟವೇ. ಎಲ್ಲ ಮದುಮಕ್ಕಳೂ ಎತ್ತಲೋ ನೋಡಿ "ಕಂಡೆ" ಎಂದು ಮುಗಿಸುವ ಶಾಸ್ತ್ರ ಅದು.

"ಕಂಡಿತೇನಮ್ಮ?"

"ಈಶ್ವರಿ" ಎಂದಳು ಹುಲಿಗೆಮ್ಮ. "ಶಾಸ್ತ್ರಕ್ಕೆ ಹೇಳಬ್ಯಾಡ. ಕಂಡಂಗೆ ಹೇಳು."

ಈಶ್ವರಮ್ಮ ಎಡಗೈಯನ್ನು ಎತ್ತಿ ಒಳ್ಳೆಯ ಕಣ್ಣನ್ನು ಪೂರ್ತಿ ಮುಚ್ಚಿಕೊಂಡಳು. ಬಲಗಣ್ಣು ಒಂದನ್ನೇ ಮೇಲೆತ್ತಿದಳು. ನೀರು ತುಂಬಿ ಕೆನ್ನೆಗಿಳಿಯಿತು. ಒರೆಸಿಕೊಂಡಳು, ಮತ್ತೆ ನೋಡಿದಳು. ಲೋಕಮ್ಮನ ಉಗುರು ಅವಳ ಅಂಗೈಗೇ ನಾಟಿತ್ತು.

"ದೊಡ್ಡದೊಂದೈತೆ" ಎಂದಳು ಈಶ್ವರಮ್ಮ. ತಡೆದಳು. "ಅದರ ಮಗ್ಗುಲಿಗೆ, ಮೇಲಕ್ಕೆ... ಸಣ್ಣದೊಂದು. ಕಾಣ್ತೈತೆ. ಅವ್ವಾ, ಎರಡೂ ಕಾಣ್ತಾವೆ!"

ಅಂಗಳ ಎದ್ದು ನಿಂತಿತು. ಹೆಂಗಸರು ಕೂಗಿದರು, ಓಲಗದವರು ಯಾರೂ ಹೇಳದಿದ್ದರೂ ಬಾರಿಸಿದರು. ಹುಚ್ಚಮ್ಮ ತಾನೂ ಒಂದು ಕಣ್ಣು ಮುಚ್ಚಿ ಮೇಲೆ ನೋಡಿ, "ನನಗೆ ಎರಡು ಕಣ್ಣಲ್ಲೂ ಕಾಣಲ್ಲ ಮಾರಾಯ್ತಿ!" ಎಂದು ಸೊಸೆಯ ಗದ್ದ ಹಿಡಿದು ಲಟಿಕೆ ಮುರಿದಳು. ಉಚ್ಚಂಗಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಅಳು ನಗು ಎರಡನ್ನೂ ಒಟ್ಟಿಗೆ ಒರೆಸಿದ. "ಲೋಕಮ್ಮ, ನನ್ನ ಕಣ್ಣೂ ಒಂದು ಕೊಡ ತೊಳೆಯೇ, ನನಗೂ ಕಾಣ್ಲಿ" ಎಂದ. ಹುಲಿಗೆಮ್ಮ ಸೊಸೆಯ ಹತ್ತಿರ ಬಂದು, ಬಿಗಿಹಿಡಿದ ಅವಳ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಆ ಕೈಯನ್ನು ಎಲ್ಲರ ಕಣ್ಣೆದುರಿಗೆ ತನ್ನ ಕಣ್ಣಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಇಡೀ ದಿಬ್ಬಣವೇ ಒಂದು ಕಣ್ಣು ಮುಚ್ಚಿ ತಲೆ ಎತ್ತಿ ಅರುಂಧತಿಯನ್ನು ಹುಡುಕುತ್ತ, ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಸರಿಯುತ್ತಿತ್ತು. ಹಿಂದೆ ಬೀಗರ ಅಡುಗೆಯ ಒಲೆಗುಂಡಿ, ಇನ್ನೂ ಕೆಂಡ ಆರದೆ.

"ಅಯ್ಯೋ, ಹಿಂದೆ ಬೆಂಕಿ! ಮುಂದೆ ಬನ್ರಿ ಎಲ್ಲಾರೂ!" ಲೋಕಮ್ಮ ಕೂಗಿದಳು.

ಯಾರೂ ನಗಲಿಲ್ಲ. ಅಂಜನಾಪುರದವರು, ಜಡೆಯವರು, ಐನೋರು, ಡ್ರೈವರು, ಎಲ್ಲರೂ ಒಂದೇ ಏಟಿಗೆ ಮುಂದೆ ಬಂದರು.